ಮಂಗಳವಾರ ಮೂರರಿಂದ ನಾಲ್ಕೂವರೆ

2025ರ ನವೆಂಬರ್ 17, ಸೋಮವಾರ. ಬೆಳಿಗ್ಗೆ 9.40ಕ್ಕೆ ಪಶ್ಚಿಮ ಲಂಡನ್ನಿನ ಸೈಬರ್ ಅಪರಾಧ ದಳದ ಕಚೇರಿಗೆ ವೆಲ್‌ಡ್ರೇಕ್ ಕಂಪನಿಯ ಇಬ್ಬರು ವಕೀಲರು ಬಂದು ದೂರು ಕೊಟ್ಟರು. ಸೈನ್ಯದ ಡ್ರೋನುಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿ ಅದು. ಯಾರೋ ಹೊರಗಿನಿಂದ ಅದರ ಕಂಪ್ಯೂಟರಿನೊಳಗೆ ನುಗ್ಗಿ ಹತ್ತು ವಾರಗಳಲ್ಲಿ ನಲವತ್ತೊಂದು ನಕ್ಷೆಗಳನ್ನು ತಿದ್ದಿದ್ದರು. ಹಾಗೆ ತಿದ್ದಿದ ಒಂದು ನಕ್ಷೆಯಂತೆ ಬಿಗಿದಿದ್ದ ಭಾಗ 13ರ ಗುರುವಾರ ಪರೀಕ್ಷೆಯ ಹೊತ್ತಿಗೆ ಸಿಡಿದು, ಕೆಲಸಗಾರನೊಬ್ಬನ ಎಡಗೈಯ ಎರಡು ಬೆರಳು ಹೋಗಿದ್ದವು.

ದೂರು ಬರೆದುಕೊಂಡವನು ಡಿಟೆಕ್ಟಿವ್ ಇನ್‌ಸ್ಪೆಕ್ಟರ್ ದಾನಪ್ಪ. ವಯಸ್ಸು ಐವತ್ತೆರಡು. ವಿಜಯಪುರದಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೆ ಡಾಕ್ಟರ್ ಅಪ್ಪನ ಜೊತೆ ಇಲ್ಲಿಗೆ ಬಂದವನು. ಹೆಂಡತಿ ಬಿಟ್ಟುಹೋಗಿ ಆರು ವರ್ಷವಾಗಿತ್ತು, ಅವ್ವ ತೀರಿಹೋಗಿ ಎರಡು. ಅವ್ವ ಹೋದ ಮೇಲೆ ವಿಜಯಪುರದ ಮಾತು ಅವನ ಬಾಯಿಂದ ಹೊರಬಂದದ್ದೇ ಕಡಿಮೆ. ಆಡುವುದಾದರೂ ಯಾರ ಹತ್ತಿರ?

"ಬೆರಳು ಹೋದದ್ದು ಗುರುವಾರ. ಇವತ್ತು ಸೋಮವಾರ. ನಡುವೆ ಏನು ಮಾಡಿದಿರಿ?" ದಾನಪ್ಪ ವಕೀಲರನ್ನು ಕೇಳಿದ.

"ಸರ್ವರುಗಳನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದೆವು. ಎಲ್ಲ ಭದ್ರವಾಗಿದೆ ಎಂದು ರಕ್ಷಣಾ ಇಲಾಖೆಗೆ ತೋರಿಸಬೇಕಿತ್ತು."

"ಹೊರಗಿನಿಂದ ಬಂದವರು ಎಲ್ಲಿಂದ ಬಂದರು ಅನ್ನುವ ದಾಖಲೆ?"

"ಅದೂ ಅಳಿಸಿಹೋಯಿತು."

ಕಳ್ಳ ಹೋದ ಮೇಲೆ ಮನೆ ಗುಡಿಸಿ, ಸಾರಿಸಿ, ರಂಗೋಲಿ ಇಟ್ಟು, ಆಮೇಲೆ ಪೊಲೀಸರನ್ನು ಕರೆದ ಜಾಣರಿವರು. ಉಳಿದದ್ದು ಎರಡೇ. ಒಂದು, ಯಾವ ನಕ್ಷೆಯನ್ನು ಯಾವಾಗ ತೆರೆದರು, ತಿದ್ದಿದರು ಎಂದು ನಕ್ಷೆಗಳ ಭಂಡಾರ ತಾನೇ ಬರೆದಿಟ್ಟುಕೊಂಡಿದ್ದ ವೇಳೆಯ ಪಟ್ಟಿ, ಎಪ್ಪತ್ತು ಪುಟ. ಎರಡು, ಒಳಗೆ ಬರಲು ಬಳಸಿದ ಖಾತೆಯ ಹೆಸರು. ಆ ಖಾತೆ ಐರೀನಾ ಎಂಬ ಮೂವತ್ತನಾಲ್ಕು ವರ್ಷದ ನಕ್ಷೆಗಾರ್ತಿಯ ತರಬೇತಿಗೆಂದು ನಾಲ್ಕು ವರ್ಷದ ಹಿಂದೆ ತೆರೆದದ್ದು. ಐರೀನಾ ಹುಟ್ಟಿದ್ದು ಲಾಟ್ವಿಯಾದಲ್ಲಿ, ಮನೆಮಾತು ರಷ್ಯನ್. ವಕೀಲರು ಇದನ್ನು ಎರಡು ಸಲ ಹೇಳಿದರು.

ಅಷ್ಟರಲ್ಲಿ ಸುದ್ದಿ ಟೀವಿಗೆ ಹೋಗಿತ್ತು. ಇದು ಶತ್ರುದೇಶದ ನುರಿತ ಪಡೆಯ ಕೆಲಸ ಎಂದರು ಒಬ್ಬರು. ದಾಳಿಯಾದ ದಿನವೇ ಕಂಪನಿಗಳು ಬಾಯಿಬಿಡಬೇಕೆಂದು ಕಾನೂನು ತನ್ನಿ ಎಂದರು ಇನ್ನೊಬ್ಬರು. ಬಾಯಿಬಿಟ್ಟರೆ ಶತ್ರುವಿಗೇ ಸುಳಿವು ಕೊಟ್ಟಂತೆ ಎಂದು ಮೂರನೆಯವರು ಮೇಜು ಕುಟ್ಟಿದರು. ರಕ್ಷಣಾ ಕಂಪನಿಗಳಲ್ಲಿ ಹೊರದೇಶದಲ್ಲಿ ಹುಟ್ಟಿದವರನ್ನೆಲ್ಲ ಮತ್ತೊಮ್ಮೆ ಜರಡಿ ಹಿಡಿಯಬೇಕೆಂದು ಪತ್ರಿಕೆಯೊಂದು ಮುಖಪುಟದಲ್ಲೇ ಬರೆಯಿತು. ಲಂಡನ್ನಿನ ಕೆಂಟನ್ ಬಡಾವಣೆಯ ಹಾಲ್‌ನಲ್ಲಿ ಆ ವಾರ ಸೇರಿದ ಕನ್ನಡದವರೂ ಊಟದ ಎಲೆಯ ಮುಂದೆ ಇದನ್ನೇ ಮಾತಾಡಿದರು. ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿಕೊಳ್ಳುವುದು ಗಾದೆ. ಇಲ್ಲಿ ಕದಿಯದವರೆಲ್ಲ ಮುಟ್ಟಿಕೊಳ್ಳುತ್ತಿದ್ದರು.

ಮಂಗಳವಾರ ಸಂಜೆ ಆರಕ್ಕೆ ಮೇಲಿನವರ ಆದೇಶದಂತೆ ಐರೀನಾಳ ಬಂಧನವಾಯಿತು. ಪಂಚನಾಮೆಗೆ ಇಲ್ಲಿ ಪಂಚರು ಬೇಕಿಲ್ಲ, ಎದೆಗೆ ಸಿಕ್ಕಿಸಿಕೊಂಡ ಕ್ಯಾಮೆರಾವೇ ಸಾಕ್ಷಿ. ಅವಳ ವೆಂಬ್ಲಿ ಫ್ಲ್ಯಾಟಿನಿಂದ ಒಂದು ಲ್ಯಾಪ್‌ಟಾಪು, ಎರಡು ಫೋನು ವಶಪಡಿಸಿಕೊಂಡರು. ಎಂಟು ವರ್ಷದ ಮಗಳನ್ನು ಪಕ್ಕದ ಮನೆಯವರು ಕರೆದುಕೊಂಡರು. ನ್ಯಾಯಾಲಯ ಶುಕ್ರವಾರ ಸಂಜೆ ಆರರವರೆಗೆ ಅವಳನ್ನು ಇಟ್ಟುಕೊಳ್ಳಲು ಒಪ್ಪಿತು. ಅಷ್ಟರೊಳಗೆ ಬೇರೇನೂ ಸಿಗದಿದ್ದರೆ ಅವಳ ಮೇಲೆ ಆರೋಪ ಹೊರಿಸಿ ಜೈಲಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇವೇನೋ ಎಂದು ದಾನಪ್ಪನಿಗೆ ಅನ್ನಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಅವನು ಎಪ್ಪತ್ತು ಪುಟಗಳನ್ನು ಮುದ್ರಿಸಿಕೊಂಡು ಕಚೇರಿಯ ಉದ್ದನೆಯ ಮೇಜಿನ ಮೇಲೆ ಹರವಿದ. ತಜ್ಞರ ವರದಿ ಪಕ್ಕದಲ್ಲಿತ್ತು. ದಾಳಿ ವಾರಕ್ಕೆ ಐದೇ ದಿನ, ಹಗಲು ಹೊತ್ತು ಮಾತ್ರ. ನಡುನಡುವೆ ಒಂದೂವರೆ ಗಂಟೆಯ ಬಿಡುವು, ಅದು ದಿನಕ್ಕೊಂದು ಹೊತ್ತಿಗೆ. ಅಕ್ಟೋಬರ್ ಕೊನೆಯಲ್ಲಿ ಬಿಡುವೆಲ್ಲ ಒಂದೊಂದು ಗಂಟೆ ಮುಂದಕ್ಕೆ ಹೋಗಿದೆ. ಆದ್ದರಿಂದ ಇದು ಪಾಳಿಯ ಮೇಲೆ ಕೆಲಸ ಮಾಡುವ ವಿದೇಶಿ ಪಡೆ, ಅಕ್ಟೋಬರಿನಲ್ಲಿ ತಂಡ ಬದಲಾಗಿದೆ. ತಜ್ಞರ ತರ್ಕ ಇಷ್ಟು.

"ಮೀರಾ, ಚಳಿಗಾಲಕ್ಕಂತ ಗಡಿಯಾರ ಒಂದು ತಾಸು ಹಿಂದಕ್ಕ ಇಟ್ಟದ್ದು ಯಾವತ್ತ?" ದಾನಪ್ಪ ಕೇಳಿದ.

ಡಿಟೆಕ್ಟಿವ್ ಕಾನ್‌ಸ್ಟೇಬಲ್ ಮೀರಾ ಮೈಸೂರಿನವರ ಮಗಳು, ಕೆಂಟನ್ನಿನಲ್ಲಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ.

"ಟ್ವೆಂಟಿಸಿಕ್ಸ್ತ್ ಅಕ್ಟೋಬರ್, ಸರ್. ಸಂಡೇ."

"ಯಂತ್ರ ಗಡಿಯಾರ ಹಿಂದಕ್ಕಿಡೂದಿಲ್ಲ, ಗ್ರೀನಿಚ್ ಟೈಮ್ ಬರಕೋತ ಹೋಗತದ. ಗೋಡಿ ಗಡಿಯಾರಕ್ಕ ಹಚ್ಚಿ ನೋಡು. ಬಿಡುವು ಒಂದು ನಿಮಿಷನೂ ಸರದಿಲ್ಲ. ಇಂವ ಹೊರದೇಶದಾಂವ ಅಲ್ಲ. ಇಲ್ಲೇ, ನಮ್ಮ ಗಡಿಯಾರ ನೋಡಿ ಏಳಾಂವ, ಕೂಡಾಂವ."

ಪುಟಗಳನ್ನು ವಾರದ ದಿನಗಳ ಪ್ರಕಾರ ಐದು ಗುಡ್ಡೆ ಮಾಡಿದರು. ಸೋಮವಾರ ಒಂಬತ್ತಕ್ಕೆ ಮೊದಲು ಏನೂ ಇಲ್ಲ, ಉಳಿದ ದಿನ ಎಂಟೂವರೆಗೇ ಶುರು. ಮಂಗಳವಾರ ಮೂರರಿಂದ ನಾಲ್ಕೂವರೆ ಖಾಲಿ. ಬುಧವಾರ ಹನ್ನೆರಡರಿಂದ ಒಂದೂವರೆ. ಗುರುವಾರ ಒಂದೂವರೆಯಿಂದ ಮೂರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಹತ್ತು ವಾರದಲ್ಲಿ ಒಂದೇ ಒಂದು ತಪ್ಪಿಲ್ಲ.

ದಾನಪ್ಪ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಮೂವತ್ತು ವರ್ಷದ ಹಿಂದೆ, ಪೊಲೀಸ್ ತರಬೇತಿಗೆ ಸೇರುವ ಮೊದಲ ದಿನ, ಒಂದು ಸೋಮವಾರ, ಅವ್ವ ಅವನನ್ನು ಬಾಗಿಲ ಒಳಗೇ ಕೂರಿಸಿಕೊಂಡಿದ್ದಳು. "ಒಂಬತ್ತರ ಮಟ ರಾಹುಕಾಲ ಐತಿ, ಹೊರಗ ಕಾಲಿಟ್ಟೀ ನೋಡು" ಎಂದಿದ್ದಳು. ಅವನು ಒಂಬತ್ತಕ್ಕೆ ಹೊರಟು, ಮೊದಲ ದಿನವೇ ತಡವಾಗಿ ಹೋಗಿ, ಸಾರ್ಜೆಂಟ್‌ನಿಂದ ಎಲ್ಲರೆದುರು ಬೈಸಿಕೊಂಡಿದ್ದ. ಅವ್ವನ ನೆನಪು ಎಷ್ಟು ಜೋರಾಗಿ ಬಂತೆಂದರೆ ಒಂದು ಗಳಿಗೆ ಅವನಿಗೆ ಮೇಜಿನ ಮೇಲಿನ ಅಕ್ಷರ ಕಾಣಲಿಲ್ಲ.

"ಮೀರಾ, ನಿಮ್ಮನಿ ಅಡಿಗಿ ಮನ್ಯಾಗ ಬೆಂಗಳೂರಿನ ಕ್ಯಾಲೆಂಡರ್ ಐತೇನು?"

ಮೀರಾ ಮೇಜನ್ನು ನೋಡಿದಳು, ಅವನನ್ನು ನೋಡಿದಳು. ಮುಖ ಬಿಳಿಚಿಕೊಂಡಿತು. "ರಾಹುಕಾಲ," ಎಂದಳು. ಹಿಂದೆಯೇ, "ಸರ್, ಪ್ಲೀಸ್. ಮೈ ಡ್ಯಾಡ್ ಇಂಥದ್ದೇ ಕಂಪನಿಯಲ್ಲಿ ಇದ್ದಾರೆ," ಎಂದಳು. ಅವಳು ಕಚೇರಿಯಲ್ಲಿ ಆಡಿದ ಮೊದಲ ಕನ್ನಡ ಅದು.

ಅವಳ ಹೆದರಿಕೆ ಸುಳ್ಳಲ್ಲ. ಕಡತದಲ್ಲಿ ರಾಹುಕಾಲ ಎಂದು ಬರೆದ ಮರುದಿನವೇ ಅದು ಪತ್ರಿಕೆಗೆ ಹೋಗುತ್ತದೆ. ಅಡಿಗೆಮನೆಯಲ್ಲಿ ಪಂಚಾಂಗ ತೂಗುಹಾಕಿದ ಪ್ರತಿಯೊಬ್ಬ ಎಂಜಿನಿಯರನನ್ನೂ ಜರಡಿ ಹಿಡಿಯುತ್ತಾರೆ. ಬರೆಯದೆ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ದಳದಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಆದರೆ ಕೆಳಗಿನ ಕೋಣೆಯಲ್ಲಿ ಒಬ್ಬ ಹೆಂಗಸು ಮಗಳನ್ನು ಬಿಟ್ಟು ಕೂತಿದ್ದಳು, ಯಾವ ಕ್ಯಾಲೆಂಡರಿನ ಗೊಡವೆಯೂ ಇಲ್ಲದವಳು. ದಾನಪ್ಪ ಒಂದು ಗಂಟೆ ಕಿಟಕಿಯ ಹತ್ತಿರ ನಿಂತ. ಇಂಥ ಹೊತ್ತಿನಲ್ಲಿ ಕೇಳಲು ಒಬ್ಬರಾದರೂ ಇರಬೇಕು ಮನುಷ್ಯನಿಗೆ. ಅವನಿಗಿರಲಿಲ್ಲ. ಕೊನೆಗೆ ಬಂದು ಕೂತು, ಕಡತದಲ್ಲಿ ಬರೆದು, ಸಹಿ ಹಾಕಿ, ವೇಳೆ ನಮೂದಿಸಿದ: 12.50.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಎಂಜಿನಿಯರಿಂಗ್ ಪ್ರೊಫೆಸರರೊಬ್ಬರ ವರದಿ ಬಂತು. ತಿದ್ದಿದ ನಲವತ್ತೊಂದು ನಕ್ಷೆಗಳಲ್ಲಿ ನಲವತ್ತರ ತಿದ್ದುಪಡಿ ಸರಿಯಾಗಿತ್ತು. ಮೊದಲಿದ್ದದ್ದೇ ತಪ್ಪು. ನುಗ್ಗಿದವನು ಏನನ್ನೂ ಕೆಡಿಸಿರಲಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡಿದ್ದ. ನಲವತ್ತೊಂದನೆಯದು ಮಾತ್ರ ಬೇರೆ. ಒಂದು ಹಿಡಿಕೆಯ ಲೋಹವನ್ನು ಕಂಪನಿ ಹೋದ ವರ್ಷ ಬದಲಾಯಿಸಿ ಹಗುರ ಮಾಡಿತ್ತು. ತಿದ್ದಿದವನು ಹಳೆಯ ಲೋಹದ ಲೆಕ್ಕದಲ್ಲೇ ಬೋಲ್ಟು ಎಷ್ಟು ಬಿಗಿಯಬೇಕೆಂದು ಬರೆದಿದ್ದ. ಪರೀಕ್ಷೆಯಲ್ಲಿ ಸಿಡಿದದ್ದು ಅದೇ ಹಿಡಿಕೆ.

ದಾನಪ್ಪ ವರದಿ ಮಡಚಿಕೊಂಡು ಐರೀನಾಳ ಕೋಣೆಗೆ ಹೋದ. ವಕೀಲೆ ಪಕ್ಕದಲ್ಲಿದ್ದಳು.

"ನಿಮ್ಮ ನಕ್ಷೆಗಳನ್ನು ಯಾರೋ ತಿದ್ದುತ್ತಿದ್ದದ್ದು ನಿಮಗೆ ಗೊತ್ತಿತ್ತೇ?"

ಐರೀನಾ ವಕೀಲೆಯ ಕಡೆ ನೋಡಿದಳು. "ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಕಂಪನಿ ಕೊನೆಯ ಪರಿಶೀಲಕನನ್ನೂ ಮನೆಗೆ ಕಳಿಸಿತು. ನಾನೇ ಬರೆಯಬೇಕು, ನಾನೇ ನೋಡಿಕೊಳ್ಳಬೇಕು. ಆಮೇಲೆ ಬೆಳಿಗ್ಗೆ ಬಂದರೆ ತಪ್ಪುಗಳು ಸರಿಯಾಗಿರುತ್ತಿದ್ದವು. ಮೇಲಿನವರು ಯಾರನ್ನೋ ಇಟ್ಟಿದ್ದಾರೆ ಅಂದುಕೊಂಡೆ. ಯಾರೋ ಒಬ್ಬರು ನೋಡುತ್ತಿದ್ದಾರಲ್ಲ ಅಂತ ಸಮಾಧಾನವಾಗಿತ್ತು."

"ನಿಮ್ಮ ವಿಭಾಗದಲ್ಲಿ ಯಾರಾದರೂ ದಿನಕ್ಕೊಂದು ಹೊತ್ತಿಗೆ ಚಹಾಕ್ಕೆ ಏಳುತ್ತಿದ್ದರೇ? ಮಂಗಳವಾರ ಮೂರಕ್ಕೆ, ಬುಧವಾರ ಹನ್ನೆರಡಕ್ಕೆ?"

ಅವಳ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಅದು ಅಲ್ಲೇ ನಿಂತಿತು. "ಮಿಸ್ಟರ್ ರಂಗ್," ಎಂದಳು ಮೆಲ್ಲಗೆ. "ಆ ಹೊತ್ತಿಗೆ ಅವರ ಜೊತೆ ಮೀಟಿಂಗ್ ಇಡುವ ಹಾಗೇ ಇರಲಿಲ್ಲ. ಎಲ್ಲರೂ ತಮಾಷೆ ಮಾಡುತ್ತಿದ್ದೆವು. ನನಗೆ ಕೆಲಸ ಕಲಿಸಿದವರು ಅವರು. ತರಬೇತಿಯ ಖಾತೆ ತೆರೆದುಕೊಟ್ಟವರೂ ಅವರೇ. ಎರಡು ವರ್ಷವಾಯಿತು, ಅವರನ್ನು ತೆಗೆದುಹಾಕಿ."

ಕಂಪನಿಯ ಕಡತದಿಂದ ಉಳಿದದ್ದು ತಿಳಿಯಿತು. ಶ್ರೀರಂಗ, ಅರವತ್ತೆರಡು ವರ್ಷ, ಮೂಲ ಮೈಸೂರು, ವಾಸ ಕೆಂಟನ್. ಇಪ್ಪತ್ತೆರಡು ವರ್ಷ ನಕ್ಷೆಗಳ ಮುಖ್ಯ ಪರಿಶೀಲಕ. 2023ರ ಅಕ್ಟೋಬರಿನಲ್ಲಿ ಹುದ್ದೆ ರದ್ದು. ಅವನ ಸ್ವಂತ ಖಾತೆಯನ್ನು ಅದೇ ದಿನ ಮುಚ್ಚಿದ್ದರು. ಶಿಷ್ಯೆಯ ಹೆಸರಿನ ತರಬೇತಿ ಖಾತೆಯನ್ನು ಯಾರೂ ನೆನಪಿಸಿಕೊಂಡಿರಲಿಲ್ಲ. ದೇಶವೆಲ್ಲ ಶತ್ರುಪಡೆ, ಶತ್ರುಪಡೆ ಎಂದು ಬೆಟ್ಟ ಅಗೆಯುತ್ತಿತ್ತು. ಇಲಿ ಇಲ್ಲಿ ಕೂತಿತ್ತು, ಶಿಸ್ತಾಗಿ ಎಂಟೂವರೆಗೆ ಬಂದು ಐದೂವರೆಗೆ ಹೋಗುತ್ತ.

ಶೋಧನೆಯ ವಾರಂಟು ಶುಕ್ರವಾರ ಬೆಳಿಗ್ಗೆ ಕೈಗೆ ಬಂತು. ದಾನಪ್ಪ ಮೀರಾಳ ಜೊತೆ ಹತ್ತೂವರೆ ದಾಟುವವರೆಗೆ ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು ಕಾದ. ಆ ಮನುಷ್ಯ ಯಂತ್ರದ ಮುಂದೆ ಇಲ್ಲದ ಹೊತ್ತು ಯಾವುದೆಂದು ಇವನಿಗೆ ಈಗ ಚೆನ್ನಾಗಿ ಗೊತ್ತಿತ್ತು. 10.40ಕ್ಕೆ ಬೆಲ್ ಒತ್ತಿದ.

ಬಾಗಿಲು ತೆಗೆದವನು ಇಸ್ತ್ರಿ ಮಾಡಿದ ಅಂಗಿ, ಟೈ ತೊಟ್ಟಿದ್ದ. ಕೈಯಲ್ಲಿ ಚಹಾದ ಲೋಟ. ಎದುರಿಗಿದ್ದವರು ಯಾರೆಂದು ತಿಳಿದ ಮೇಲೂ ಅವನು ದಾರಿ ಬಿಟ್ಟು, "ಬನ್ನಿ, ಒಳಗೆ ಬನ್ನಿ," ಎಂದ. ಮುಂದಿನ ಕೋಣೆಯಲ್ಲಿ ಮೇಜು, ಎರಡು ಪರದೆ, ಚೂಪು ಮಾಡಿಟ್ಟ ಪೆನ್ಸಿಲುಗಳು. ಪರದೆಯ ಮೇಲೆ ಈ ಖಾತೆಗೆ ಕಂಪನಿಯೊಳಗೆ ಪ್ರವೇಶವಿಲ್ಲ ಎಂಬ ಒಂದೇ ಸಾಲು. ಒಂದು ವಾರದಿಂದ ಅವನು ಆ ಸಾಲಿನ ಮುಂದೆ ಎಂಟೂವರೆಯಿಂದ ಐದೂವರೆಯವರೆಗೆ ಕೂತಿದ್ದ.

"ವೆಲ್‌ಡ್ರೇಕ್ ನಕ್ಷಾ ತಿದ್ದಿದವ್ರು ನೀವೇನ್ರೀ, ಸರ?"

"ತಿದ್ದಿದ್ದು ನಾನೇ. ಆದ್ರೆ ಟೀವೀಲಿ ಹೇಳ್ತಿದಾರಲ್ಲ, ಆ ದಾಳಿ ಮಾಡಿದೋನು ನಾನಲ್ಲ," ಎಂದ ಶ್ರೀರಂಗ. ಅವನ ದನಿಯಲ್ಲಿ ಕಪಟವಿರಲಿಲ್ಲ. "ನಾನು ಏನೂ ಕದ್ದಿಲ್ಲ. ತಪ್ಪು ಕಂಡ ಕಡೆ ಸರಿಮಾಡಿದೆ, ಅಷ್ಟೆ. ಆ ಕಳ್ಳನ್ನ ಹಿಡೀಲಿ ಅಂತ ನಾನೂ ಕಾಯ್ತಿದೀನಿ."

"ಬೇರೆ ಕಳ್ಳ ಯಾರೂ ಇಲ್ರೀ."

ದಾನಪ್ಪ ಪ್ರೊಫೆಸರರ ವರದಿಯ ಕೊನೆಯ ಪುಟ ತೆಗೆದು ಮೇಜಿನ ಮೇಲಿಟ್ಟ. ಶ್ರೀರಂಗ ಕನ್ನಡಕ ಹಾಕಿಕೊಂಡು ನಕ್ಷೆಯ ಸಂಖ್ಯೆ ನೋಡಿದ. ಲೋಹದ ಹೆಸರು ಇದ್ದ ಕಡೆ ಬೆರಳಿಟ್ಟ. ಆ ಸಾಲನ್ನು ಎರಡು ಸಲ ಓದಿದ.

"ಇದು ಯಾವಾಗ ಬದಲಾಯ್ಸಿದ್ರು?"

"ಹ್ವಾದ ವರ್ಷ. ನೀವು ಬಿಟ್ಟ ಮ್ಯಾಲೆ."

"ನಂಗೆ ಯಾರೂ ಹೇಳ್ಲಿಲ್ಲ," ಎಂದ ಶ್ರೀರಂಗ. ಹೇಳಿದ ಮೇಲೆ ಆ ಮಾತು ಎಂಥದೆಂದು ಅವನಿಗೇ ತಿಳಿಯಿತು. ಕುರ್ಚಿಯಲ್ಲಿ ಕುಸಿದ. "ಆ ಹುಡುಗನ ಬೆರಳು... ನನ್ನಿಂದ್ಲಾ?"

"ಹೌದ್ರಿ." ದಾನಪ್ಪ ನಿಂತೇ ಇದ್ದ. "ಇನ್ನೊಂದು ಕೇಳತೀನಿ. ಐರೀನಾನ ಹಿಡಿದದ್ದು ನಿಮಗ ಗೊತ್ತಿತ್ತಿಲ್ಲೋ?"

"ಪೇಪರ್‌ನಲ್ಲಿ ಹೆಸರು ಇರ್ಲಿಲ್ಲ. ಆದ್ರೆ ಅವಳೇ ಅಂತ ಗೊತ್ತಾಯ್ತು."

"ಮತ್ತ ಯಾಕ ಬರಲಿಲ್ಲ?"

"ಅವಳು ತಪ್ಪು ಮಾಡಿಲ್ವಲ್ಲ, ಬಿಟ್ಟೇ ಬಿಡ್ತಾರೆ ಅಂದ್ಕೊಂಡೆ." ಅವನು ಟೈ ಸಡಿಲಿಸಿದ. "ನಾನು ಬಂದು ಹೇಳಿದ್ರೆ ಕೃಷ್ಣವೇಣಿಗೆ ಎಲ್ಲಾ ತಿಳೀತಿತ್ತು. ನನ್ನ ಹೆಂಡತಿ. ಹ್ಯಾರೋದಲ್ಲಿ ಡಾಕ್ಟರು. ಕೆಲಸ ಹೋಗಿದ್ದನ್ನ ಅವಳಿಗೆ ಹೇಳೇ ಇಲ್ಲ ನಾನು. ಮನೆಯಿಂದ್ಲೇ ಆಫೀಸು ಮಾಡ್ತಿದೀನಿ ಅಂತಾನೇ ಅವಳು ತಿಳ್ಕೊಂಡಿರೋದು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಎರಡು ವರ್ಷ ಆಗೋಯ್ತು. ಬೆಳಿಗ್ಗೆ ಅವಳು ಹೋದ್ಮೇಲೆ ಮನೇಲಿ ಒಂದು ನರಪಿಳ್ಳೆ ಇರಲ್ಲ ಇನ್‌ಸ್ಪೆಕ್ಟ್ರೇ. ಏನು ಮಾಡ್ಲಿ? ಒಳಗೆ ಹೋಗಿ ಡ್ರಾಯಿಂಗ್‌ಗಳನ್ನ ನೋಡ್ತಾ ಕೂರ್ತಿದ್ದೆ. ಮೊದಮೊದಲು ಬರೀ ನೋಡ್ತಿದ್ದೆ. ಸೆಪ್ಟೆಂಬರ್ ಆದ್ಮೇಲೆ ತಪ್ಪು ಜಾಸ್ತಿಯಾಯ್ತು. ಸುಮ್ನಿರಕ್ಕಾಗ್ಲಿಲ್ಲ."

11.05ಕ್ಕೆ ದಾನಪ್ಪ ಕಾನೂನಿನ ಎಚ್ಚರಿಕೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿ ಅವನನ್ನು ಬಂಧಿಸಿದ. ಮೀರಾ ಕಂಪ್ಯೂಟರನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿದಳು. ಕೈಕೋಳ ಹಾಕಲಿಲ್ಲ.

ಸಂಜೆ ನಾಲ್ಕೂಕಾಲಿಗೆ ಐರೀನಾಳನ್ನು ಬಿಟ್ಟರು. ನಡೆದದ್ದನ್ನು ಕೇಳಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಾನು ಒಳಗಿದ್ದೇನೆಂದು ಅವರಿಗೆ ಗೊತ್ತಿತ್ತೇ?" ದಾನಪ್ಪ ಹೌದೆಂದ. ಅವಳು ಕೋಟು ಹಾಕಿಕೊಂಡು, ಕ್ಷಮೆ ಕೇಳಲು ಬಂದ ಸೂಪರಿಂಟೆಂಡೆಂಟ್ ಮೇಡಂ ಕಡೆಗೂ ನೋಡದೆ, ಮಗಳಿದ್ದ ಮನೆಗೆ ಹೊರಟಳು.

ಕೃಷ್ಣವೇಣಿ ನಾಲ್ಕೂವರೆಗೆ ಕ್ಲಿನಿಕ್ಕಿನಿಂದ ನೇರ ಬಂದರು. ಕುತ್ತಿಗೆಯ ಗುರುತಿನ ಚೀಟಿಯನ್ನೂ ತೆಗೆದಿರಲಿಲ್ಲ. ದಾನಪ್ಪ ಅವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಮಾತು ಹೇಗೆ ಶುರುಮಾಡುವುದೆಂದು ತಿಳಿಯದೆ ತಡವರಿಸಿದ.

"ಮೇಡಂ, ಸರಗ ಕೆಲಸ ಹೋಗಿ ಎರಡು ವರ್ಷ ಆಗೇತ್ರೀ. ನಿಮಗ ಅವರು ಹೇಳಿರಲಿಲ್ಲಂತ..."

"ನಂಗೊತ್ತು," ಎಂದರು ಕೃಷ್ಣವೇಣಿ. "ಕಂಪನಿಯವರ ಕಾಗದ ನನ್ನ ಕೈಗೇ ಸಿಕ್ತು. ಓದಿ ಮತ್ತೆ ಅಂಟಿಸಿ ಅವರ ಮೇಜಿನ ಮೇಲಿಟ್ಟೆ."

"ಕೇಳಲಿಲ್ಲೇನ್ರೀ?"

"ಕೇಳಿದ್ರೆ ಕುಗ್ಗಿಹೋಗ್ತಾರೆ ಅಂತ ಕೇಳ್ಲಿಲ್ಲ. ಅವರಾಗೇ ಹೇಳ್ಲಿ ಅಂತ ಕಾದೆ. ಆಮೇಲೆ ತುಂಬಾ ದಿನ ಆಗೋಯ್ತು. ಹೇಗೆ ಕೇಳೋದು ಅಂತಾನೇ ಗೊತ್ತಾಗ್ಲಿಲ್ಲ." ಅವರು ಕೈಚೀಲದಲ್ಲಿ ಕರವಸ್ತ್ರ ಹುಡುಕಿದರು, ಸಿಗಲಿಲ್ಲ. ಸೀರೆಯುಟ್ಟಿದ್ದರೆ ಸೆರಗಾದರೂ ಇರುತ್ತಿತ್ತು. "ಅವರು ಹಗಲೆಲ್ಲ ಏನ್ ಮಾಡ್ತಾರೆ ಅಂತ ಒಂದಿನ ಕೇಳಿದ್ರೂ ಸಾಕಾಗಿತ್ತು, ಅಲ್ವಾ?"

ದಾನಪ್ಪನಿಗೆ ಉತ್ತರ ತಿಳಿದಿತ್ತು. ಒಂದೇ ಸೂರಿನಡಿ ಇದ್ದವರು ಒಬ್ಬರಿಗೊಬ್ಬರು ಕಾಯ್ದುಕೊಂಡ ಮೌನದಲ್ಲಿ ಸಂಬಂಧವೇ ಇಲ್ಲದ ಒಬ್ಬನ ಎರಡು ಬೆರಳು ಹೋಗಿದ್ದವು. ಇನ್ನೊಬ್ಬಳು ಮೂರು ದಿನ ಕತ್ತಲ ಕೋಣೆ ಕಂಡಿದ್ದಳು.

5.10ಕ್ಕೆ ಅವನು ವಿಚಾರಣೆಯ ಕೋಣೆಗೆ ಮರಳಿದ. ಶ್ರೀರಂಗ ತಲೆಯೆತ್ತಿದ.

"ಕೃಷ್ಣವೇಣಿಗೆ ಹೇಳಿದ್ರಾ?"

"ಅವರಿಗೆ ಮದಲೇ ಗೊತ್ತಿತ್ರೀ, ಸರ. ಎರಡು ವರ್ಷದಿಂದ."

ಮೀರಾ ನೀರಿನ ಲೋಟವನ್ನು ಶ್ರೀರಂಗನ ಹತ್ತಿರಕ್ಕೆ ಸರಿಸಿ, "ಕುಡೀರಿ ಅಂಕಲ್," ಎಂದಳು. ಅವನು ಲೋಟ ಮುಟ್ಟದೆ ಗೋಡೆಯ ಕಡೆ ನೋಡುತ್ತ ಹೇಳಿದ.

"ದಿನಾ ಸಂಜೆ ಅವಳ ಕಾರಿನ ಸದ್ದು ಕೇಳಿದ್ ಕೂಡ್ಲೆ ಕಂಪ್ಯೂಟರ್ ಮುಚ್ಚಿ, ಉಸ್ಸಪ್ಪಾ ಅಂತ ಸೋಫಾ ಮೇಲೆ ಕೂರ್ತಿದ್ದೆ. ಇವತ್ತು ತುಂಬಾ ಕೆಲ್ಸಾನಾ ಅಂತ ಕೇಳೋಳು. ಹೌದು ಕಣೇ ಅಂತಿದ್ದೆ. ಒಳಗೋಗಿ ಕಾಫಿ ಮಾಡ್ಕೊಂಡು ಬಂದು ಕೈಗೆ ಕೊಡೋಳು."

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ದಾನಪ್ಪ ರೆಕಾರ್ಡಿಂಗ್ ನಿಲ್ಲಿಸಿದ. ಹೊರಗೆ ಹೋಗಿ, ನಿಯಮದ ಪುಸ್ತಕದಲ್ಲಿ ಇಂಥದಕ್ಕೆ ಅನುಮತಿ ಇದೆಯೋ ಇಲ್ಲವೋ ನೋಡದೆ, ಕೃಷ್ಣವೇಣಿಯವರನ್ನು ಒಳಗೆ ಕಳಿಸಿ ಬಾಗಿಲೆಳೆದುಕೊಂಡ. ಹತ್ತು ನಿಮಿಷ ಅದರ ಮುಂದೆ ತಾನೇ ಕಾವಲು ನಿಂತ.

ಆ ದಿನದ ಕೇಸ್ ಡೈರಿಯಲ್ಲಿ, ಅಪರಾಧಕ್ಕೆ ಪ್ರೇರಣೆ ಎಂಬ ಜಾಗದಲ್ಲಿ ಅವನು ಬರೆದದ್ದು ಇಷ್ಟು: "ದೇಶದ್ರೋಹವಿಲ್ಲ. ಲಾಭದ ಉದ್ದೇಶವಿಲ್ಲ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾರದೆ ಆರೋಪಿಯು ಇಲ್ಲದ ಕೆಲಸಕ್ಕೆ ಎರಡು ವರ್ಷ, ಒಂದು ದಿನವೂ ರಜೆ ಹಾಕದೆ, ಹಾಜರಾಗಿದ್ದಾನೆ."